ಗೌರಕ್ಕನ ಕ್ಯಾಮೆರಾಕ್ಕೆ ಕಂಡವರು

ಗಂಡ ಸತ್ತರೆ ಹೆಂಡತಿ ಸಾಯುವುದಿಲ್ಲ. ಒಂದನೇ ಇಯತ್ತೆಯ ಕೂಸಿಗೂ ಗೊತ್ತಿರಬೇಕಾದ ಸಂಗತಿ ಇದು. ಗೊತ್ತಿದೆ ಬಿಡು ಎಂದು ನೀವು ತಲೆಯಾಡಿಸಿರುತ್ತೀರಿ. ಹಾಗೆ ತಲೆಯಾಡಿಸಿದ್ದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಕೇಳುವವನಿದ್ದೇನೆ.

ಸಂಶಿಯ ಗೌರಕ್ಕ ಜಂಪರು ಹೊಲಿಯುವವಳು. ಗಂಡ ಮಡಿವಾಳೆಪ್ಪ ಹದಿಮೂರು ವರ್ಷದ ಕೆಳಗೆ ಕಡ್ಲಿ ಹೊಲದಿಂದ ಬರುವಾಗ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡ. ಮಗಳು ನೇತ್ರಾ ಆಗ ಆರನೇ ಇಯತ್ತೆ. ಅಂದಿನಿಂದ ತಾಯಿ ಮಗಳು ಮೈದುನ ಕಾಶಿನಾಥನ ಮನೆಯಲ್ಲೇ ಇದ್ದರು. ಕಾಶಿನಾಥ ಕೆಟ್ಟವನಲ್ಲ. ಅಣ್ಣನ ಹೆಂಡತಿಗೆ, ತನ್ನ ವೈನಿಗೆ, ಎಂದೂ ಏರಿದ ದನಿಯಲ್ಲಿ ಮಾತಾಡಿದವನಲ್ಲ, ನೇತ್ರಾಳನ್ನು ಓದಿಸಿದ, ಮುಂದೆ ನಿಂತು ಮದುವೆ ಮಾಡಿದ. ನಮ್ಮ ಕಡೆ ಕೆಟ್ಟವರು ಕಡಿಮೆ. ಆಗಬಾರದ್ದೆಲ್ಲ ಒಳ್ಳೆಯವರ ಕೈಯಿಂದಲೇ ಆಗುತ್ತದೆ.

ಮದುವೆಯ ವಿಡಿಯೋ ಬಂತು. ಮೂರು ತಾಸಿನದು. ಮನೆಮಂದಿಯೆಲ್ಲ ಕೂತು ನೋಡಿದರು, ನಕ್ಕರು, ಯಾರು ಎಷ್ಟು ಹೋಳಿಗೆ ತಿಂದರೆಂದು ಆಡಿಕೊಂಡರು. ಎಲ್ಲರೂ ಎದ್ದು ಹೋದ ಮೇಲೆ ಗೌರಕ್ಕ ಮತ್ತೊಮ್ಮೆ ಮೊದಲಿನಿಂದ ಹಾಕಿ ನೋಡಿದಳು. ಎರಡನೇ ತಾಸಿನಲ್ಲಿ ಕಂಬದ ಮರೆಯಿಂದ ಒಂದು ಕೈ ಬರುತ್ತದೆ, ಅಕ್ಕಿಯ ತಾಟನ್ನು ಮುಂದೆ ನೂಕಿ ಹಿಂದೆ ಸರಿಯುತ್ತದೆ. ಹೆತ್ತ ತಾಯಿಯ ಕೈ ಅದು. ಮೂರು ತಾಸಿನಲ್ಲಿ ಅವಳು ಇದ್ದದ್ದು ಅಷ್ಟೇ.

ಯಾರೂ ಅವಳನ್ನು ತಳ್ಳಿರಲಿಲ್ಲ. ಅವಳೇ ಸರಿದು ನಿಂತಿದ್ದಳು. ಹದಿಮೂರು ವರ್ಷದಲ್ಲಿ ಕಾಲಿಗೆ ಅಭ್ಯಾಸವಾಗಿಬಿಟ್ಟಿತ್ತು.

ಅವತ್ತೇ ಅವಳು ಲೆಕ್ಕ ಹಾಕಿದಳು. ನೇತ್ರಾ ಇಂದಲ್ಲ ನಾಳೆ ಬಸುರಿಯಾಗುತ್ತಾಳೆ. ಏಳನೇ ತಿಂಗಳಲ್ಲಿ ತವರಿನಲ್ಲಿ ಕುಬಸ ಮಾಡಬೇಕು, ಹಸಿರು ಸೀರೆ ಉಡಿಸಿ ಉಡಿ ತುಂಬಬೇಕು. ತುಂಬುವವರು ಐದು ಮಂದಿ ಮುತ್ತೈದೆಯರು. ತಾನು ಆಗಲೂ ಅಡುಗೆಮನೆ ಬಾಗಿಲಲ್ಲಿ. ಹಾಗಾದರೆ ಆ ಕೋಣೆಯ ನಡುವೆ, ಮಗಳ ಎದುರಿಗೆ, ಯಾರೂ 'ಬಾಜು ಸರಿ' ಎನ್ನದ ಜಾಗ ಯಾವುದು? ಮದುವೆಯ ವಿಡಿಯೋದಲ್ಲೇ ಉತ್ತರವಿತ್ತು. ಸ್ವಾಮಿಗಳ ಮುಂದೆ, ಬೀಗರ ಮುಂದೆ, ಮುತ್ತೈದೆಯರಿಗೂ ಬೆನ್ನು ತೋರಿಸಿ ಒಬ್ಬ ನಿಂತಿದ್ದ. ಅವನ ಜಾತಿ ಯಾವುದು, ಹೆಂಡತಿ ಇದ್ದಾಳೋ ಸತ್ತಿದ್ದಾಳೋ ಯಾರೂ ಕೇಳಿರಲಿಲ್ಲ. ಅವನ ಕೈಯಲ್ಲಿ ಕ್ಯಾಮೆರಾ ಇತ್ತು.

ಹುಬ್ಬಳ್ಳಿಯ ಅಂಗಡಿಗೆ ಗೌರಕ್ಕ ಒಬ್ಬಳೇ ಹೋದಳು. ಅಂಗಡಿಯವನು ಮೊದಲು ಅವಳ ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೋ ಎಂದು ನೋಡಿದ.

"ಯಾರಿಗೆ ಬೇಕಾಗಿತ್ರಿ?"

"ನನಗ ಬೇಕಾಗೇತಿ. ಮನ್ಯಾಗಿಂದು ವಿಡಿಯೋ ತಗ್ಯಾಕ."

"ಮನಿ ವಿಡಿಯೋಕ್ಕ ಫೋನ್ ಸಾಕಲ್ರಿ ಅಕ್ಕಾರ. ಈಗ ಹೈ ಡೆಫಿನಿಷನ್ ಎಲ್ಲಾ ಫೋನ್ನ್ಯಾಗ ಬರತೈತಿ."

"ಫೋನ್ ಹಿಡದ್ರ ಆಟ ಆಡಾಕ ಹತ್ತ್ಯಾಳ ಅಂತಾರ. ಇದನ್ನ ಹಿಡದ್ರ ಕೆಲಸಾ ಮಾಡಾಕ ಹತ್ತ್ಯಾಳ ಅಂತಾರ. ತೋರಸಪಾ."

ಅವನು ನಾಲ್ಕು ತೆಗೆದಿಟ್ಟ. ಒಂದರ ಮೇಲೆ ನೂರಿಪ್ಪತ್ತು ಪಟ್ಟು ಜೂಮ್ ಎಂದು ದಪ್ಪಗೆ ಬರೆದಿತ್ತು. ಗೌರಕ್ಕ ಅದರಿಂದ ರಸ್ತೆಯಾಚೆಯ ಬೋರ್ಡು ನೋಡಿದಳು. ಅಕ್ಷರಗಳು ಹತ್ತಿರ ಬಂದವು, ಬರುತ್ತಾ ಬರುತ್ತಾ ಹಿಂಜಿ ಅರಳೆಯಾದವು. ಅವನು ತಡವರಿಸಿ ಹೇಳಿದ: ಗಾಜಿನಿಂದ ತರುವ ಜೂಮ್ ಇಪ್ಪತ್ತೋ ಮೂವತ್ತೋ ಪಟ್ಟು ಮಾತ್ರ, ಮಿಕ್ಕಿದ್ದು ಚಿತ್ರವನ್ನೇ ಹಿಗ್ಗಿಸುವುದು.

"ಹಂಗನ್ನು. ಅರಿವಿ ಇರೂದು ಬ್ಯಾರೆ, ಅರಿವಿ ಜಗ್ಗೂದು ಬ್ಯಾರೆ. ಜಗ್ಗಿದ್ದ ಅರಿವಿ ಹೊಲಿಗ್ಯಾಗ ಹರಿತೈತಿ. ಇನ್ನೊಂದ ಕೊಡು."

ಕೈಪಟ್ಟಿಯೊಳಗೆ ಕೈ ತೂರಿಸಿ ಹತ್ತು ನಿಮಿಷ ಹಿಡಿದು ನಿಂತಳು, ಕೈ ಸೋಲುತ್ತದೋ ಇಲ್ಲವೋ ಎಂದು. ನಡೆದಾಡುತ್ತಾ ತೆಗೆದಳು, ಚಿತ್ರ ಅಲುಗುತ್ತದೋ ಎಂದು. ಬ್ಯಾಟರಿ ಒಂದು ಕುಬಸ ಮುಗಿಯುವ ತನಕ ತಡೆಯುತ್ತದೇನು ಎಂದು ಕೇಳಿದಳು. ಅವನು ಎರಡು ಬ್ಯಾಟರಿ ತಗೊಳ್ಳಿ ಎಂದ. ಕೊನೆಗೆ ಅಂಗಡಿಯ ಮೂಲೆಯಲ್ಲಿ, ಖಾಲಿ ಡಬ್ಬಿ ಒಟ್ಟಿದ ಕತ್ತಲಿಗೆ ಅವನನ್ನೇ ನಿಲ್ಲಿಸಿದಳು.

"ನಮ್ಮವು ಮಾಳಿಗಿ ಮನಿ ತಮ್ಮಾ. ಬೆಳಕಿಂಡಿ ಬಿಟ್ರ ಒಳಗ ಬೆಳಕ ಇಲ್ಲ. ಕತ್ತಲದಾಗ ಮಾರಿ ಕಾಣಬೇಕು."

ಮೂರು ಕ್ಯಾಮೆರಾದಲ್ಲಿ ಅವನು ಕರಿ ಮಸಿಯಾದ. ನಾಲ್ಕನೆಯದರಲ್ಲಿ ಅವನ ಮೂಗು, ಮೀಸೆ, ಬೇಸರ ಎಲ್ಲ ಕಂಡವು. ಮುಖದ ಸುತ್ತ ಒಂದು ಸಣ್ಣ ಬಿಳಿ ಚೌಕ ಮೂಡಿತು. ಮುಖ ಕಂಡಲ್ಲಿ ಈ ಯಂತ್ರ ತಾನೇ ಚೌಕ ಹಾಕುತ್ತದೆ, ಚೌಕ ಪರದೆಯಲ್ಲಿ ಕಾಣುತ್ತದೆ, ವಿಡಿಯೋದಲ್ಲಿ ಬರುವುದಿಲ್ಲ ಎಂದು ಅವನು ಕತ್ತಲಿನಿಂದಲೇ ವಿವರಿಸಿದ. ಗೌರಕ್ಕ ಅದನ್ನು ತಂದಳು. ಕತ್ತಲಲ್ಲಿ ನೋಡುವ ಕಣ್ಣನ್ನು ತಾನೇ ಕೇಳಿ, ತಾನೇ ಆರಿಸಿ ತಂದಳು.

ಅಂದುಕೊಂಡದ್ದು ಹಾಗೆಯೇ ಆಯಿತು. ಓಣಿಯಲ್ಲಿ ತೊಟ್ಟಿಲು, ಜವಳ, ಮನೆ ತುಂಬುವುದು ಏನಿದ್ದರೂ ಗೌರಕ್ಕನಿಗೆ ಕರೆ ಬಂತು. ಅವಳು ಎದುರಿಗೆ ಬಂದರೆ ಅಪಶಕುನವೆಂದು ಒಂದು ಗಳಿಗೆ ನಿಂತು ಹೋಗುತ್ತಿದ್ದ ಹೆಂಗಸರೇ "ಏ ಗೌರಕ್ಕ, ಮುಂದ ಬಾರಬೇ, ನನ್ನ ಕೈಯಾಗಿನ ಬಳಿ ಕಾಣವಲ್ದು" ಎಂದು ಕೂಗಿದರು. ಅವಳು ಎಲ್ಲರ ಮುಂದೆ ನಿಂತಳು. ಎಷ್ಟು ಹತ್ತಿರ ನಿಂತಳೆಂದರೆ ಅವಳು ತೆಗೆದ ಪ್ರತಿ ವಿಡಿಯೋದಲ್ಲೂ ಅವಳ ಉಸಿರು ಕೇಳಿಸುತ್ತದೆ.

ಶಂಭುಲಿಂಗಪ್ಪನ ಮನೆಯಲ್ಲಿ ಮೊಮ್ಮಗನಿಗೆ ಹೆಸರಿಡುವ ದಿನ ಅದು ಮೊದಲ ಸಲ ಅವಳ ಕಣ್ಣಿಗೆ ಬಿತ್ತು.

ಶಂಭುಲಿಂಗಪ್ಪ ನಿವೃತ್ತ ಮಾಸ್ತರು. ಪಡಸಾಲೆಯ ಗೋಡೆಯಲ್ಲಿ ಶರಣರ ಫೋಟೋ, ದಿನಾ ಹೊಸ ಮಾಲೆ. ಕೆಳಗೆ ತೊಟ್ಟಿಲು, ಸುತ್ತ ಮುತ್ತೈದೆಯರು, ಸೊಸೆ ಅಮೃತಾ ಕೂಸನ್ನು ಎತ್ತಿ ಹಿಡಿದಿದ್ದಳು. ಚೌಕ ಕೂಸಿನ ಮುಖದ ಮೇಲಿತ್ತು. ಇದ್ದಕ್ಕಿದ್ದಂತೆ ಅದು ಜಿಗಿದು ಅಡುಗೆಮನೆಯ ಬಾಗಿಲಿಗೆ ಹೋಯಿತು. ಆ ಬಾಗಿಲಿನಲ್ಲಿ ಕತ್ತಲ ಹೊರತು ಏನೂ ಕಾಣಲಿಲ್ಲ. ಚೌಕ ಆ ಕತ್ತಲಿನ ಮೇಲೆ, ಒಂದಾಳೆತ್ತರದಲ್ಲಿ, ಬೆದರಿದ ಹಕ್ಕಿಯ ಹಾಗೆ ನಡುಗುತ್ತಾ ನಿಂತಿತು. ಗೌರಕ್ಕ ಕಣ್ಣೆತ್ತಿ ನೋಡಿದಳು. ಯಾರೂ ಇಲ್ಲ. ಪರದೆ ನೋಡಿದಳು. ಚೌಕ ಅಲ್ಲೇ ಇತ್ತು. ಯಂತ್ರದ ದೋಷವೆಂದುಕೊಂಡು ಕೂಸಿನ ಕಡೆ ತಿರುಗಿಸಿದಳು.

ನಾಲ್ಕನೇ ದಿನ ಮಧ್ಯಾಹ್ನ ಶಂಭುಲಿಂಗಪ್ಪನ ಮನೆಯವರು ವಿಡಿಯೋವನ್ನು ದೊಡ್ಡ ಟಿವಿಗೆ ಹಾಕಿದರು. ಬೆಳಕು ಬೀಳದಿರಲೆಂದು ಬಾಗಿಲು ಮುಂದೆ ಮಾಡಿದ್ದರು. ಮೊದಲು ಕಂಡವಳು ಅಮೃತಾ. ಅವಳ ಕೈಯಲ್ಲಿದ್ದ ರಿಮೋಟು ನೆಲಕ್ಕೆ ಬಿತ್ತು.

"ಮಾವಾರ... ಆ ಬಾಗಲದಾಗ ಯಾರ್ರಿ?"

ಚಿತ್ರ ನಿಲ್ಲಿಸಿದರು. ಕತ್ತಲಿನಲ್ಲಿ ಅರ್ಧ ಮುಖ. ಹಣೆಯವರೆಗೆ ಸೆರಗು, ಒಂದು ಕಣ್ಣು, ಬಾಗಿಲ ಚೌಕಟ್ಟಿನ ಮೇಲೆ ನಾಲ್ಕು ಬೆರಳು. ಕಣ್ಣು ತೊಟ್ಟಿಲನ್ನೇ ನೋಡುತ್ತಿತ್ತು. ಮನೆಯ ಹದಿನಾಲ್ಕು ಜನ ಟಿವಿಯ ಹತ್ತಿರ ಹೋದರು, ಮತ್ತೆ ದೂರ ಸರಿದರು. ಯಾರಿಗೂ ಗುರುತು ಸಿಗಲಿಲ್ಲ. ಅವತ್ತು ಯಾರು ಎಲ್ಲಿದ್ದರೆಂದು ಕೇಳಿದರು. ಎಲ್ಲರೂ ತೊಟ್ಟಿಲ ಸುತ್ತಲೇ ಇದ್ದರು. ಆ ಬಾಗಿಲಲ್ಲಿ ಯಾರೂ ಇರಲಿಲ್ಲವೆಂದು ಹದಿನಾಲ್ಕು ಮಂದಿಯೂ ಹೇಳಿದರು.

ಸಂಜೆಯೊಳಗೆ ಸಂಶಿಗೆಲ್ಲ ಗೊತ್ತಾಯಿತು. ಗೌರಕ್ಕನ ಕ್ಯಾಮೆರಾಕ್ಕೆ ಗಾಳಿ ಸೋಕಿದೆ.

ಕರೆಗಳು ನಿಂತವು. ಕಾಶಿನಾಥ ಊಟಕ್ಕೆ ಕೂತಾಗ ತಲೆ ಎತ್ತದೆ ಹೇಳಿದ: "ವೈನಿ, ಅದನ್ನ ಯಮನೂರ ದರ್ಗಾಕ್ಕರ ಒಯ್ದು ಲೋಬಾನದ ಹೊಗಿ ತೋರಿಸ್ಕೊಂಡ ಬರೂಣು. ಇಲ್ಲಾಂದ್ರ ಮಾರಿಬಿಡ್ರಿ." ನೇತ್ರಾಳಿಗೆ ಆಗ ಏಳು ತಿಂಗಳು, ಕುಬಸಕ್ಕೆ ಉಳಿದದ್ದು ಎಂಟು ದಿನ. ಮರುದಿನ ಅಣ್ಣಿಗೇರಿಯಿಂದ ನೇತ್ರಾಳ ಅತ್ತೆಯ ಫೋನ್ ಬಂತು.

"ಬೀಗತಿ, ಸಿಟ್ಟಾಗಬ್ಯಾಡ್ರಿ. ಆ ಕ್ಯಾಮರಾ ಒಂದ್ ತಗೀಬ್ಯಾಡ್ರಿ. ಹೊಟ್ಯಾಗಿನ ಕೂಸಿನ ಮಾತು."

ಅಲ್ಲಿಗೆ ಮುಗಿಯಿತು. ಮಗಳ ಎದುರಿಗೆ ನಿಲ್ಲಲು ಅವಳಿಗಿದ್ದ ಒಂದೇ ನೆಪ ಹೋಯಿತು. ಮತ್ತೆ ಅಡುಗೆಮನೆಯ ಬಾಗಿಲು.

ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಕ್ಯಾಮೆರಾದ ಹಳೆಯ ಮೆಮೊರಿ ಕಾರ್ಡುಗಳನ್ನೆಲ್ಲ ತೆಗೆದು ಟಿವಿಗೆ ಹಾಕಿದಳು. ಈ ಸಲ ಜನರನ್ನು ಬಿಟ್ಟು ಬಾಗಿಲುಗಳನ್ನು ನೋಡಿದಳು. ಮೊದಲ ಮನೆ, ಜವಳದ ದಿನ: ಬಾಗಿಲಲ್ಲಿ ಅರ್ಧ ಮುಖ. ಎರಡನೇ ಮನೆ, ಅದೇ ಎತ್ತರದಲ್ಲಿ ಅದೇ ಸೆರಗು. ಮೂರನೇ ಮನೆಯಲ್ಲಿ ಇಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಕಿಟಕಿಯ ಹಿಂದೆ ಬೆರಳು ಕಂಡವು. ಕಲಘಟಗಿ ತಾಲೂಕಿನ ತಂಬೂರಿನಲ್ಲಿ ನೆಂಟರ ಮನೆ ತುಂಬಿದ ವಿಡಿಯೋ ಹಾಕಿದಳು. ಅಲ್ಲೂ ಇತ್ತು. ಕೈ ಚೌಕಟ್ಟಿನ ಮೇಲೆ, ಕಣ್ಣು ಆರತಿಯ ಕಡೆ. 'ನನ್ನ ಕೂಡ ಬಸ್ ಹತ್ತಿ ಬಂದಿತ್ತೇನವಾ' ಎಂದು ತನ್ನಷ್ಟಕ್ಕೆ ಅಂದವಳಿಗೆ ತನ್ನ ದನಿಯೇ ಭಯ ಹುಟ್ಟಿಸಿತು. ಎಂಟು ಮನೆ, ಏಳು ಬಾಗಿಲು, ಒಂದು ಕಿಟಕಿ. ಎಲ್ಲ ಕಡೆ ನಗು, ಸೋಬಾನ, ತನ್ನ ಉಸಿರು, ಮತ್ತು ಅದು.

ಕೊನೆಯದು ಅವಳು ತೆಗೆದದ್ದಾಗಿರಲಿಲ್ಲ. ಪಂಚಮಿಗೆ ತವರಿಗೆ ಬಂದಿದ್ದ ನೇತ್ರಾ ಐದು ನಿಮಿಷ ಕ್ಯಾಮೆರಾ ಇಸಿದುಕೊಂಡು ತಮ್ಮ ಮನೆಯನ್ನೇ ತೆಗೆದಿದ್ದಳು. ಕಾಕಾ ಉಂಡಿ ತಿನ್ನುತ್ತಿದ್ದಾನೆ, ಜೋಕಾಲಿ ತೂಗುತ್ತಿದೆ. ಜೋಕಾಲಿಯ ಹಿಂದೆ ಅಡುಗೆಮನೆಯ ಬಾಗಿಲು. ಬಾಗಿಲಲ್ಲಿ ಅರ್ಧ ಮುಖ.

ತನ್ನ ಮನೆಯಲ್ಲೂ! ಗೌರಕ್ಕ ಹಿಂತಿರುಗಿ ಆ ಬಾಗಿಲನ್ನು ನೋಡಿದಳು. ಖಾಲಿ. ಟಿವಿ ನೋಡಿದಳು. ಇದೆ. ಎದ್ದು ಓಡಬೇಕೆಂದವಳು ಒಂದು ಕಾರಣಕ್ಕೆ ನಿಂತಳು. ಆ ಬೆರಳಿನ ಹಿಂದೆ, ಜಂಪರಿನ ತೋಳಿನ ಅಂಚಿನಲ್ಲಿ ಒಂದು ನೀಲಿ ಪಟ್ಟಿ ಕಾಣುತ್ತಿತ್ತು. ಅರಿವೆ ಸಾಲದೆ ಬಂದಾಗ ನೇತ್ರಾಳ ಶಾಲೆಯ ಲಂಗದಿಂದ ಕತ್ತರಿಸಿ ಕೂಡಿಸಿದ ಪಟ್ಟಿ. ಅವಳು ತನ್ನ ತೋಳು ನೋಡಿಕೊಂಡಳು. ಅದೇ ಜಂಪರನ್ನು ತೊಟ್ಟಿದ್ದಳು.

ಮುಖ ಗುರುತು ಸಿಕ್ಕಿರಲಿಲ್ಲ. ಹೊಲಿಗೆ ಗುರುತು ಸಿಕ್ಕಿತು.

ಮತ್ತೆ ಮೊದಲಿನಿಂದ ಹಾಕಿದಳು. ಈಗ ಮುಖ ಬಿಟ್ಟು ತೋಳು ನೋಡಿದಳು, ಕುತ್ತಿಗೆಯ ಪಟ್ಟಿ ನೋಡಿದಳು. ಊರಿನ ಅಷ್ಟೂ ಜಂಪರುಗಳು, ತಂಬೂರಿನ ನೆಂಟರವೂ, ಅವಳ ಮಿಷಿನ್ನಿನಿಂದಲೇ ಹೋದವು. ಒಬ್ಬೊಬ್ಬರ ಅಳತೆಯೂ ಅವಳಿಗೆ ಬಾಯಿಪಾಠ. ಒಂದೊಂದೇ ಬಾಗಿಲಿನಿಂದ ಒಂದೊಂದು ಹೆಸರು ಹೊರಗೆ ಬಂತು. ಎಲ್ಲರೂ ಉಣ್ಣುವವರು, ಉಡುವವರು, ಕೆಮ್ಮುವವರು. ಎಲ್ಲರೂ ಗಂಡ ಸತ್ತವರು. ತಾನೂ ಅವರಲ್ಲೊಬ್ಬಳಾಗಿದ್ದು ತನಗೇ ಅವರ ನೆನಪಾಗಲಿಲ್ಲವಲ್ಲ ಎಂದು ಗೌರಕ್ಕ ಹಣೆ ಹಣೆ ಬಡಿದುಕೊಂಡಳು. ಕ್ಯಾಮೆರಾ ಹಿಡಿದು ಮುಂದೆ ನಿಂತ ಅವಳೂ ಹಿಂದೆ ನೋಡಿರಲಿಲ್ಲ.

ಮರುದಿನ ಶಂಭುಲಿಂಗಪ್ಪನ ಮನೆಗೆ ಹೋದಳು. ಅವರು ಶಾಂತಿ ಮಾಡಿಸಲು ದಿನ ಗೊತ್ತುಮಾಡುತ್ತಿದ್ದರು.

"ಟಿವಿ ಹಾಕ್ರಿ ಮಾಸ್ತರ. ಆ ತೋಳ ನೋಡ್ರಿ. ಅದನ್ನ ಹೊಲದಾಕಿ ನಾನು. ಗಿಡ್ಡ ಆಗಬಾರದು, ಮೊಣಕೈ ಮುಚ್ಚಬೇಕು ಅಂತ ಹೇಳಿ ಹೊಲಿಸಿದ್ರು. ಈ ಮನ್ಯಾಗ ಅದನ್ನ ತೊಡಾಕಿ ಯಾರು?"

ಶಂಭುಲಿಂಗಪ್ಪ ಬೆರಳು ಮಡಚಿ ಮನೆಯವರನ್ನು ಎಣಿಸತೊಡಗಿದ. ಹದಿನಾಲ್ಕು. ಮತ್ತೆ ಎಣಿಸಿದ. ಹದಿನಾಲ್ಕೇ. ಅಷ್ಟರಲ್ಲಿ ಒಳಗಿನಿಂದ ಚಹಾ ಬಂತು. ತಂದವಳು ಕಲ್ಲವ್ವ, ಶಂಭುಲಿಂಗಪ್ಪನ ಸತ್ತ ತಮ್ಮನ ಹೆಂಡತಿ. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದು, ಇಪ್ಪತ್ತಮೂರಕ್ಕೆ ಆ ಬಾಗಿಲಿಗೆ ನಿಂತವಳು. ಈಗ ಐವತ್ತೈದು ಇರಬೇಕು, ಯಾರೂ ಎಣಿಸಿಲ್ಲ. ತಾಟಿನಲ್ಲಿ ಹದಿನೈದು ಕಪ್ಪಿದ್ದವು: ಮನೆಯವರಿಗೆ ಹದಿನಾಲ್ಕು, ಬಂದವಳಿಗೆ ಒಂದು. ತನ್ನನ್ನು ಅವಳೂ ಎಣಿಸಿರಲಿಲ್ಲ.

ಕಲ್ಲವ್ವ ಟಿವಿಯನ್ನು ನೋಡುತ್ತಾ ನಿಂತಳು. ಮೂವತ್ತು ವರ್ಷದಿಂದ ಕನ್ನಡಿಯ ಮುಂದೆ ನಿಂತವಳಲ್ಲ, ಒಂದು ಫೋಟೋ ತೆಗೆಸಿಕೊಂಡವಳಲ್ಲ. ಅವಳ ಮುಖ ಮೆಲ್ಲಗೆ ಅರಳಿತು.

"ನಮ್ಮವ್ವ!" ಎಂದಳು. "ಅಗದಿ ನಮ್ಮವ್ವ ಇದ್ದಂಗ ಅದಾಳ. ಆಕಿ ಸತ್ತು ಇಪ್ಪತ್ತೆರಡ ವರ್ಷಾತು... ಈ ಮನಿಗೆ ಯಾಕ ಬಂದ್ಲವಾ?"

ಪರದೆಯ ಮೇಲಿನ ತೋಳು, ತಾಟು ಹಿಡಿದ ತೋಳು, ಎರಡರ ಅಂಚೂ ಒಂದೇ. ಅಮೃತಾ ಬಾಯಿಗೆ ಸೆರಗು ಒತ್ತಿಕೊಂಡಳು. ಗೌರಕ್ಕ ಎದ್ದು ಕಲ್ಲವ್ವನ ಕೈಯ ತಾಟು ಇಳಿಸಿ, "ಅದು ನೀನಬೇ, ಯಕ್ಕಾ" ಎಂದಳು. ಕಲ್ಲವ್ವ ಟಿವಿಯ ಹತ್ತಿರ ಹೋಗಿ ಆ ಅರ್ಧ ಮುಖವನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು.

ಶಂಭುಲಿಂಗಪ್ಪ ಆಡಿದ ಮಾತು ಇಷ್ಟು: "ಚಹಾ ಆರತೈತಿ, ಕುಡೀರಿ."

ಹೊರಡುವಾಗ ಕಟ್ಟೆಯ ತನಕ ಬಂದು ದನಿ ತಗ್ಗಿಸಿ ಇನ್ನೊಂದು ಹೇಳಿದ: "ಗೌರವ್ವಾ, ಆ ಬಾಗಲದಷ್ಟ ಕತ್ತರಿಸಿ ಕೊಡಾಕ ಬರತೈತೇನ ನೋಡು. ಮೊಮ್ಮಗಂದು ಚೊಲೋ ವಿಡಿಯೋ ಐತಿ." ದೆವ್ವವಾಗಿದ್ದರೆ ಶಾಂತಿ ಮಾಡಿಸುತ್ತಿದ್ದ, ಹೋಳಿಗೆ ಎಡೆ ಇಡುತ್ತಿದ್ದ. ತಮ್ಮನ ಹೆಂಡತಿ ಎಂದು ಗೊತ್ತಾದ ಮೇಲೆ ಕತ್ತರಿ ಸಾಕು ಎಂದ. ಆ ಗೋಡೆಯ ಮೇಲಿನ ಶರಣರಿಗೆ ಮಾಲೆ ಮಾತ್ರ ಇನ್ನೂ ದಿನಾ ಬೀಳುತ್ತದೆ.

ಕುಬಸದ ಹಿಂದಿನ ದಿನ ಗೌರಕ್ಕ ಕಾಶಿನಾಥನನ್ನು ಟಿವಿಯ ಮುಂದೆ ಕೂಡಿಸಿದಳು. ಪಂಚಮಿಯ ವಿಡಿಯೋ ಹಾಕಿ ಜೋಕಾಲಿಯ ಹಿಂದಿನ ಬಾಗಿಲಿಗೆ ನಿಲ್ಲಿಸಿದಳು.

"ಇದು ಯಾರು, ಹೇಳು ಕಾಶಿನಾಥ."

"ಇದೂ... ನಮ್ಮ ಮನ್ಯಾಗೂ ಬಂತೇನ್ರಿ ವೈನಿ?"

"ಹದಿಮೂರ ವರ್ಷಾತು ಬಂದು. ಹೆಸರ ಹೇಳು."

ಅವನು ತೋಳಿನ ನೀಲಿ ಪಟ್ಟಿ ನೋಡಿದ. ಎದುರಿಗೆ ನಿಂತವಳ ತೋಳು ನೋಡಿದ. "ನೀವ್ರಿ" ಎಂದ.

ಅವಳು ಕ್ಯಾಮೆರಾವನ್ನು ಅವನ ಕೈಗೆ ಹಾಕಿ ಪಟ್ಟಿ ಬಿಗಿದಳು. "ಬೀಗತಿ ಬ್ಯಾಡಂದ್ರೂ ನಾಳೆ ನೀ ಹಿಡಿ. ನನಗ ಮಗಳ ಉಡಿ ತುಂಬೂದೈತಿ."

"ಮಂದಿ ಏನಂತಾರ್ರಿ ವೈನಿ?"

"ಆಗಲೇ ದೆವ್ವ ಅಂದಾರ. ಅದಕ್ಕಿಂತ ಹೆಚ್ಚಿಗಿ ಏನಂತಾರ?"

ಆ ವಿಡಿಯೋವನ್ನು ನಾನು ನೋಡಿದ್ದೇನೆ. ಚಿತ್ರ ನಡುಗುತ್ತದೆ, ಕಾಶಿನಾಥನ ಉಸಿರು ಕೇಳುತ್ತದೆ. ಹಸಿರು ಸೀರೆಯಲ್ಲಿ ನೇತ್ರಾ ಮಣೆಯ ಮೇಲೆ ಕೂತಿದ್ದಾಳೆ. ಐವರು ಉಡಿ ತುಂಬಿ ಸರಿದ ಮೇಲೆ, ಅಂಚಿನಲ್ಲಿ ಒಂದು ತೋಳು ಬರುತ್ತದೆ, ನೀಲಿ ಪಟ್ಟಿಯ ತೋಳು. ಹಿಂದೆಯೇ ಇಡೀ ಗೌರಕ್ಕ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ. ಸೋಬಾನ ನಡುವೆಯೇ ನಿಂತುಹೋಗುತ್ತದೆ. "ಅಯ್ಯ, ಈಕಿ ಯಾಕ..." ಎಂದು ಯಾರದೋ ದನಿ. ಕ್ಯಾಮೆರಾದ ಹಿಂದೆ ಕಾಶಿನಾಥ ಪಿಸುಗುಟ್ಟುತ್ತಾನೆ: "ಚೌಕ ಬಂತ್ರಿ ವೈನಿ. ಮಾರಿ ಮ್ಯಾಲ ಬಂತು." ನೇತ್ರಾ ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿಯುತ್ತಾಳೆ. ಆ ಮೌನದಲ್ಲಿ ಅಕ್ಕಿ ಬೀಳುವ ಸದ್ದೂ ಕೇಳಿಸುತ್ತದೆ.

ಗೆಲುವೆಂದು ಚಪ್ಪಾಳೆ ತಟ್ಟಬೇಡಿ. ಗೌರಕ್ಕ ಸರಿದ ಕೂಡಲೇ ನೇತ್ರಾಳ ಅತ್ತೆ ಮುಂದೆ ಬಂದು ಆ ಅಕ್ಕಿಯನ್ನು ತೆಗೆದಳು, ಇನ್ನೊಬ್ಬ ಮುತ್ತೈದೆಯಿಂದ ಹೊಸದಾಗಿ ತುಂಬಿಸಿದಳು. ಅದೂ ವಿಡಿಯೋದಲ್ಲಿದೆ. ನೇತ್ರಾ ತಾಯಿಯ ಒಂದು ಕೊಬ್ಬರಿ ಬಟ್ಟಲನ್ನು ಮಾತ್ರ ಕೊಡದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆದರೆ ನಾನು ಹೇಳಬೇಕಾದದ್ದು ಬೇರೆ ಇದೆ. ಗೌರಕ್ಕ ಮಗಳ ಮುಂದೆ ಬಗ್ಗಿ ನಿಂತ ಆ ಗಳಿಗೆಯಲ್ಲಿ ಅವಳ ಹಿಂದಿನ ಬಾಗಿಲನ್ನು ನೋಡಿ. ಅದು ಖಾಲಿ ಇರಬೇಕಿತ್ತು. ಖಾಲಿ ಇಲ್ಲ. ಕತ್ತಲಲ್ಲಿ ಅರ್ಧ ಮುಖ, ಒಂದು ಕಣ್ಣು, ಚೌಕಟ್ಟಿನ ಮೇಲೆ ನಾಲ್ಕು ಬೆರಳು. ಗೌರಕ್ಕ ಎಷ್ಟೋ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಗುರುತು ಸಿಗಲಿಲ್ಲ. ಆ ಜಂಪರು ಅವಳ ಹೊಲಿಗೆಯದಲ್ಲ, ಬೇರೆ ಊರಿನ ಹೊಲಿಗೆ. ಅವತ್ತು ಅಣ್ಣಿಗೇರಿಯಿಂದ ಬೀಗರ ಎರಡು ಗಾಡಿ ಬಂದಿದ್ದವು. ಫೋನ್ ಮಾಡಿ ಕೇಳಿದಳು. "ನಮ್ಮ ಕೂಡ ಅಂಥವ್ರ ಯಾರೂ ಬಂದಿರಲಿಲ್ಲ" ಎಂದರು ಅವರು. ಸುಳ್ಳು ಹೇಳಲಿಲ್ಲ ಅವರು. ಅವರಿಗೆ ನಿಜವಾಗಿಯೂ ನೆನಪಿಲ್ಲ.

ಮೊದಲಿಗೆ ತಲೆಯಾಡಿಸಿದ್ದೀರಲ್ಲ, ಈಗ ಕೇಳುತ್ತಿದ್ದೇನೆ. ನಿಮ್ಮ ಮನೆಯ ಮದುವೆಯದೋ ತೊಟ್ಟಿಲಿನದೋ ಒಂದು ವಿಡಿಯೋ ಇದ್ದೇ ಇರುತ್ತದೆ. ಇದನ್ನು ಕೆಳಗಿಟ್ಟು ಅದನ್ನು ಹಾಕಿ. ನಗುವವರನ್ನು ಬಿಡಿ, ಬಾಗಿಲನ್ನು ನೋಡಿ. ಅಲ್ಲಿ ನಿಂತವಳು ಈಗ ಒಳಗೆ ನಿಮಗೇ ಚಹಾ ಕಾಸುತ್ತಿರಬಹುದು. ಎದ್ದು ಹೋಗಿ ಅವಳ ಹೆಸರು ಹಿಡಿದು ಕರೆಯಿರಿ. ಕೈ ಹಿಡಿದು ಕರೆತಂದು ಪಡಸಾಲೆಯ ನಡುವೆ ಕೂಡಿಸಿ.